‘ಮುಖವಾಡ’ ಎಂಬ ತೊಡಕಿನ ಪದ

ಮುಂಬೈಯ ಮಾಟುಂಗಾದಲ್ಲಿ ಭಾನುವಾರ ಬೆಳಿಗ್ಗೆ ನಾನು ನಡೆಸುವ ಅನುವಾದದ ತರಗತಿಗೆ ಪ್ರತಿ ವರ್ಷ ಒಂದು ಪದ್ಯ ಖಾಯಂ. ಅಮೆರಿಕದ ಕಪ್ಪು ಕವಿ ಪಾಲ್ ಲಾರೆನ್ಸ್ ಡನ್‌ಬಾರ್ ಬರೆದ ‘ವಿ ವೇರ್ ದ ಮಾಸ್ಕ್’. 1895ರ ಸಂಕಲನದ್ದು, ಹದಿನೈದೇ ಸಾಲು. ಇಷ್ಟೇ ತಾನೆ ಅಂತ ಎಲ್ಲರೂ ಕೈಹಾಕುತ್ತಾರೆ, ನಗುತ್ತ ಸುಳ್ಳಾಡುವ ಮಾಸ್ಕ್ ತೊಟ್ಟಿದ್ದೇವೆ ಅನ್ನುವ ಮೊದಲ ಸಾಲಲ್ಲೇ ಎಡವುತ್ತಾರೆ.

ಮಾಸ್ಕ್ ಅಂದರೆ ಮುಖವಾಡ, ಇನ್ನೇನು? ಆದರೆ ನಮ್ಮ ಪತ್ರಿಕೆಗಳಲ್ಲಿ ‘ಮುಖವಾಡ ಕಳಚಿ ಬಿತ್ತು’ ಅಂತ ಬಂದರೆ ಯಾರದು ಬಿದ್ದಿರುತ್ತದೆ? ಕಳ್ಳಸ್ವಾಮಿಯದು, ಲಂಚಕೋರ ಅಧಿಕಾರಿಯದು. ಕನ್ನಡದಲ್ಲಿ ಈ ಪದ ಸೋಗಲಾಡಿಗಳ ಪಾಲಾಗಿ ಎಷ್ಟೋ ಕಾಲವಾಯಿತು. ‘ನಾವು ಮುಖವಾಡ ತೊಟ್ಟಿದ್ದೇವೆ’ ಅಂದ ಕೂಡಲೇ ಪೆಟ್ಟು ತಿಂದವನೇ ಆರೋಪಿಯ ಹಾಗೆ ಕೇಳಿಸುತ್ತಾನೆ. ಡನ್‌ಬಾರನ ತಂದೆತಾಯಿ ಕೆಂಟಕಿಯಲ್ಲಿ ಗುಲಾಮರಾಗಿದ್ದವರು. ಮುಖ ಸಪ್ಪಗಾದರೂ ಏಟು ಬೀಳುವ ಕಡೆ ನಗುವುದು ಜೀವ ಉಳಿಸಿಕೊಳ್ಳುವ ಉಪಾಯ.

ಕಳೆದ ವರ್ಷ ತರಗತಿಯಲ್ಲಿ ಕುಂದಾಪುರದ ಕಡೆಯವರೊಬ್ಬರಿದ್ದರು, ಐವತ್ತು ದಾಟಿದವರು. ಹದಿಮೂರಕ್ಕೆ ಫೋರ್ಟಿನ ಹೋಟೆಲೊಂದಕ್ಕೆ ಮಾಣಿಯಾಗಿ ಬಂದು, ರಾತ್ರಿಶಾಲೆಯಲ್ಲಿ ಓದಿದವರು. ‘ವೇಷ ಅನ್ನಿ ಮೇಷ್ಟ್ರೇ’ ಅಂದರು. ‘ಗಿರಾಕಿಯ ಕೈತಾಗಿ ಬಿಸಿ ಸಾಂಬಾರು ನನ್ನ ಮೊಣಕೈಗೇ ಚೆಲ್ಲಿತು. ಗಲ್ಲಾದಿಂದ ಧಣಿ ನೋಡ್ತಾ ಇದ್ರು. ಹಲ್ಲು ಕಿರಿದು, ಔರ್ ಕ್ಯಾ ಲಾವೂಂ ಸೇಠ್ ಅಂದೆ.’

ಹೊಟ್ಟೆಪಾಡಿನ ವೇಷ ಅಂದರೆ ನಮ್ಮವರು ಯಾರೂ ಮೂಗು ಮುರಿಯುವುದಿಲ್ಲ. ಅಲ್ಲದೆ ಮುಖವಾಡವನ್ನು ಬಿಚ್ಚಿ ಮೊಳೆಗೆ ತೂಗುಹಾಕಬಹುದು. ಯಕ್ಷಗಾನದ ಬಣ್ಣ ಬಿಡಿಸಲು ತೆಂಗಿನೆಣ್ಣೆ ಹಚ್ಚಿ ಉಜ್ಜಬೇಕು. ಹಾಗಂತ ‘ವೇಷ’ವೂ ಪೂರ್ತಿ ಕೂಡುವುದಿಲ್ಲ. ವೇಷ ಇಡೀ ಮೈಗೆ, ಡನ್‌ಬಾರ್ ಮರೆಮಾಚುವುದು ಕೆನ್ನೆ ಮತ್ತು ಕಣ್ಣನ್ನು. ಆದರೂ ಇದ್ದುದರಲ್ಲಿ ಇದೇ ವಾಸಿ.

ಪದಕ್ಕಿಂತ ದೊಡ್ಡ ತಪ್ಪು ಆಗುವುದು ಧಾಟಿಯಲ್ಲಿ. ಇದು ರೊಂಡೋ, ಫ್ರೆಂಚರ ಹಗುರ ನಡೆಯ ಬಂಧ. ಪದ್ಯದುದ್ದಕ್ಕೂ ಎರಡೇ ಅಂತ್ಯಪ್ರಾಸಗಳು ಗಿರಗಿರ ತಿರುಗುತ್ತವೆ. ಅಂದರೆ ಪದ್ಯವೂ ನಗುತ್ತಿದೆ! ಪಲ್ಲವಿ ಮಾತ್ರ ಮೊದಲ ಸಾಲಿನ ಅರ್ಧ ತುಂಡು. ಒಂಬತ್ತನೇ ಸಾಲಲ್ಲೊಮ್ಮೆ, ಕೊನೆಯಲ್ಲೊಮ್ಮೆ ಬರುತ್ತದೆ. ಕುಣಿಯುತ್ತಿದ್ದ ಕಾಲು ಗಕ್ಕನೆ ನಿಲ್ಲುವುದು ಆ ಎರಡೇ ಕಡೆ. ನಮ್ಮ ಹುಡುಗರು ಇದನ್ನು ಮುಕ್ತಛಂದಕ್ಕೆ ಎಳೆದು ನಾಲ್ಕು ‘ಅಯ್ಯೋ’ ಸೇರಿಸುತ್ತಾರೆ. ಎಲ್ಲ ಹೊರಗೇ ಬಿದ್ದ ಮೇಲೆ ಬಚ್ಚಿಟ್ಟದ್ದೇನು ಉಳಿಯಿತು? ಭಾಮಿನಿಯ ಮೂರು-ನಾಲ್ಕು ಮಾತ್ರೆಯ ನಡೆ ಹಿಡಿಯಿರಿ, ಪಲ್ಲವಿಯನ್ನು ಮೊಟಕು ಮಾಡಿ ಅನ್ನುತ್ತೇನೆ.

‘ನಕ್ಕು ಸುಮ್ಮನಿರುವುದು ಹೇಡಿತನ ಅಲ್ವಾ ಸರ್?’ ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಕೇಳಬೇಕಾದ್ದೇ. ಇದೇ ಮುಂಬೈಯಿಂದ 1972ರಲ್ಲಿ ಮರಾಠಿಯ ದಲಿತ ಕವಿ ನಾಮದೇವ ಢಸಾಳರ ಸಂಕಲನ ‘ಗೋಲಪೀಠಾ’ ಬಂತು, 1975ರಲ್ಲಿ ನಮ್ಮ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ಆ ಸಿಟ್ಟನ್ನು ಓದಿ ಬೆಳೆದವರಿಗೆ ಈ ನಗು ಸಪ್ಪೆಯೇ. ಆಗ ಡೇಟನ್ ಊರಿನ ಲಿಫ್ಟಿನ ಕಥೆ ಹೇಳುತ್ತೇನೆ. ಡನ್‌ಬಾರ್ ಅಲ್ಲಿ ಲಿಫ್ಟ್‌ಮನ್ ಆಗಿದ್ದ. ತನ್ನ ಮೊದಲ ಪುಸ್ತಕವನ್ನು ಹತ್ತಿ ಇಳಿಯುವವರಿಗೇ ಒಂದು ಡಾಲರಿಗೊಂದರಂತೆ ಮಾರಿದ. 1896ರಲ್ಲಿ ಹೆಸರಾಂತ ವಿಮರ್ಶಕ ವಿಲಿಯಂ ಡೀನ್ ಹೊವೆಲ್ಸ್ ಬೆನ್ನು ತಟ್ಟಿದ್ದೂ ಮುಖ್ಯವಾಗಿ ಕರಿಯರ ಆಡುನುಡಿಯ ಪದ್ಯಗಳಿಗೆ. ಆ ಹೊಗಳಿಕೆ ತನಗೆ ಕೇಡನ್ನೇ ಮಾಡಿತೆಂದು ಡನ್‌ಬಾರ್ ಆಮೇಲೆ ನೊಂದುಕೊಂಡ.

ಆಡುನುಡಿಯ ಪದ್ಯಗಳನ್ನೇ ಬಯಸುತ್ತಿದ್ದ ಓದುಗರ ಕೈಗೇ ಅವನು ಈ ಪದ್ಯವನ್ನೂ ಇಟ್ಟ, ಶಿಷ್ಟ ಇಂಗ್ಲಿಷಿನಲ್ಲಿ. ‘ಕಪ್ಪು’ ಎಂಬ ಮಾತೇ ಇಲ್ಲ, ಬರೀ ‘ನಾವು’. ನಮ್ಮ ಕೂಗು ಕ್ರಿಸ್ತನಿಗೆ ಕೇಳಲಿ, ಲೋಕ ಬೇರೇನೋ ಕನಸು ಕಾಣುತ್ತಿರಲಿ ಅನ್ನುತ್ತಾನೆ. ಓದುತ್ತಿರುವವನೇ ಆ ಲೋಕ! ‘ನಿನಗೆ ಇಷ್ಟು ದಿನ ಕಂಡದ್ದು ಸುಳ್ಳು’ ಅಂತ ನಗುತ್ತಲೇ ಮುಖಕ್ಕೆ ಹೇಳಿಸಿಕೊಂಡು ಅವನು ಪುಟ ತಿರುವುತ್ತಾನೆ. ನನಗಂತೂ ಇದು ಹೇಡಿತನವಾಗಿ ಕಂಡಿಲ್ಲ.

ಕುಂದಾಪುರದವರು ಮೂರು ವಾರ ತಗೊಂಡು ಪದ್ಯ ಮುಗಿಸಿದರು. ಒಂಬತ್ತನೇ ಸಾಲು, ‘ವೇಷ ಹಾಕಿದ್ದೇವೆ.’ ಕೊನೆಯದು ಬರೀ ‘ಹಾಕಿದ್ದೇವೆ.’ ರೊಂಡೋದ ಪಲ್ಲವಿ ಹಾಗೆ ಬದಲಾಗುವಂತಿಲ್ಲ ಅಂತ ಕೆಂಪು ಗೆರೆ ಎಳೆದೆ. ಅವರು ಇನ್ನೂ ಒಪ್ಪಿಲ್ಲ.