ಸ್ಟೀಮ್ ಪ್ರೊಫೈಲ್ ಉಳಿಸಿಡೋದು ಅಂದರೆ ಏನನ್ನ ಉಳಿಸಿಡೋದು?

2009ರ ನವೆಂಬರ್. ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2 ಆಟ ಬಿಡುಗಡೆಯಾಗುವ ಹೊತ್ತು. ಪಿಸಿಯಲ್ಲಿ ಆಡೋರಿಗೆ ಈ ಸಲ ಡೆಡಿಕೇಟೆಡ್ ಸರ್ವರ್ ಇಲ್ಲ ಅಂತ ಕಂಪನಿ ಹೇಳಿಬಿಟ್ಟಿತ್ತು. ಅಂದರೆ ತಮ್ಮದೇ ಸರ್ವರ್ ಇಟ್ಟುಕೊಂಡು, ತಮಗೆ ಬೇಕಾದ ನಿಯಮ ಹಾಕಿಕೊಂಡು ಆಡುವ ದಾರಿ ಬಂದ್. ಸಿಟ್ಟಿಗೆದ್ದವರು, ಆಟ ಮಾರುವ ತಾಣವಾದ ಸ್ಟೀಮ್‌ನಲ್ಲಿ ಒಂದು ಗುಂಪು ಕಟ್ಟಿದರು. ಹೆಸರು 'ಬಾಯ್ಕಾಟ್ ಮಾಡರ್ನ್ ವಾರ್‌ಫೇರ್ 2'. ಆಟ ಬಂದ ಮೇಲೆ ಯಾರೋ ಆ ಗುಂಪಿನ ಸದಸ್ಯರ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದರು. ಬಹಿಷ್ಕಾರ ಹಾಕಿದವರ ಹೆಸರು ಸಾಲಾಗಿ ಇವೆ. ಹೆಸರಿನ ಪಕ್ಕ, ಸದ್ಯ ಆಡುತ್ತಿರುವ ಆಟ ಯಾವುದು ಅಂತ ಇದೆ. ಮಾಡರ್ನ್ ವಾರ್‌ಫೇರ್ 2!

ಆ ಚಿತ್ರ ಇವತ್ತಿಗೂ ಓಡಾಡುತ್ತಿದೆ. ಗೇಮರ್‌ಗಳ ಸಿಟ್ಟು ಎಷ್ಟು ದಿನ ನಿಲ್ಲುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ ಅಂತ ಜನ ತೋರಿಸ್ತಾರೆ. ನನಗೂ ನೋಡಿದಾಗೆಲ್ಲ ನಗು ಬರುತ್ತೆ. ಆದರೆ ಸ್ವಲ್ಪ ಯೋಚಿಸಿ. ಚಿತ್ರದಲ್ಲಿ ಕಾಣೋದು ಪಟ್ಟಿಯ ಒಂದು ತುಂಡು ಮಾತ್ರ. ಗುಂಪಿನ ಒಟ್ಟು ಸದಸ್ಯರಲ್ಲಿ ಎಷ್ಟು ಜನ ಆಟ ಕೊಂಡರು, ಎಷ್ಟು ಜನ ಮಾತಿಗೆ ನಿಂತರು, ಯಾರು ಸುಮ್ನೆ ಮಜಾ ನೋಡೋಕೆ ಸೇರಿದ್ದರು, ಯಾವುದೂ ಅದರಲ್ಲಿ ಇಲ್ಲ. ಇದನ್ನೆಲ್ಲ ಹೇಳಬೇಕು ಅಂದರೆ ಆ ದಿನವೇ ಗುಂಪಿನ ಪೂರ್ತಿ ಪಟ್ಟಿ, ಒಬ್ಬೊಬ್ಬರ ಪ್ರೊಫೈಲ್ ಪುಟದ ಸಮೇತ ಯಾರಾದರೂ ಇಳಿಸಿಟ್ಟಿರಬೇಕಿತ್ತು. ನನ್ನ ತಲೆಯಲ್ಲಿ ಆರ್ಕೈವ್, ಅಂದರೆ ಮುಂದಿನವರಿಗೆ ಉಳಿಸಿಟ್ಟ ದಾಖಲೆ, ಅಂದರೆ ಅದು. ಒಂದು ಪುಟದ ಫೋಟೋ ಅಲ್ಲ, ಪುಟಗಳ ನಡುವಿನ ನಂಟು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಸ್ಟೀಮ್ ಅನ್ನೋದು ವಾಲ್ವ್ ಕಂಪನಿಯ ಆಟದ ಅಂಗಡಿ, 2003ರಲ್ಲಿ ಶುರುವಾಯಿತು. 2007ರಲ್ಲಿ ಅದಕ್ಕೆ ಸ್ಟೀಮ್ ಕಮ್ಯುನಿಟಿ ಸೇರಿತು. ಪ್ರತಿಯೊಬ್ಬರಿಗೂ ಒಂದು ಪ್ರೊಫೈಲ್ ಪುಟ. ಅದರಲ್ಲಿ ಅವತಾರ್ ಚಿತ್ರ, ಹಿಂದೆ ಇಟ್ಟುಕೊಂಡಿದ್ದ ಅಡ್ಡಹೆಸರುಗಳು, ಕಳೆದ ಎರಡು ವಾರದಲ್ಲಿ ಎಷ್ಟು ಗಂಟೆ ಆಡಿದರು, ಸ್ನೇಹಿತರು ಯಾರು, ಯಾವ ಯಾವ ಗುಂಪಿನಲ್ಲಿದ್ದಾರೆ, ಪಂದ್ಯ ಮುಗಿದ ಮೇಲೆ ಅಪರಿಚಿತರು ಬಂದು ಬರೆದುಹೋದ 'ಪ್ಲಸ್ ರೆಪ್' ಮೆಚ್ಚುಗೆ, ಎಲ್ಲ ಇರುತ್ತೆ. ಗುಂಪಿಗೂ ಒಂದು ಪುಟ. ಯಾವಾಗ ಶುರುವಾಯಿತು, ಎಷ್ಟು ಸದಸ್ಯರು, ಈಗ ಎಷ್ಟು ಜನ ಆಟದಲ್ಲಿದ್ದಾರೆ, ಏನೇನು ಪ್ರಕಟಣೆ.

ಇವನ್ನೆಲ್ಲ ಹುಡುಕಿ ಹುಡುಕಿ ಉಳಿಸೋದು ಹೇಗೆ? ಇಲ್ಲೇ ಮಜಾ ಇರೋದು. ಹುಡುಕಬೇಕಾಗಿಯೇ ಇಲ್ಲ. ಎಣಿಸಿದರೆ ಸಾಕು.

ಸ್ಟೀಮ್‌ನ ಪ್ರತಿ ಖಾತೆಗೂ 64 ಬಿಟ್‌ನ ಒಂದು ಸಂಖ್ಯೆ ಇದೆ, ಬಿಟ್ ಅಂದರೆ 0 ಅಥವಾ 1. ಆ 64 ಬಿಟ್‌ನಲ್ಲಿ ಮೊದಲ 8 ಬಿಟ್ ಇದು ಯಾವ ಜಾಲ ಅಂತ ಹೇಳುತ್ತೆ. ಆಮೇಲಿನ 4 ಬಿಟ್ ಇದು ಯಾವ ಬಗೆಯ ಖಾತೆ ಅಂತ: 1 ಅಂದರೆ ಮನುಷ್ಯ, 7 ಅಂದರೆ ಗುಂಪು. ಮುಂದಿನ 20 ಬಿಟ್ ನಮಗೆ ಅಷ್ಟು ಮುಖ್ಯ ಅಲ್ಲ. ಕೊನೆಯ 32 ಬಿಟ್ ಖಾತೆಯ ಕ್ರಮಸಂಖ್ಯೆ. ಇದನ್ನೆಲ್ಲ ಜೋಡಿಸಿ ಮಾಮೂಲಿ ಅಂಕಿಯಲ್ಲಿ ಬರೆದರೆ ಮನುಷ್ಯರ ಲೆಕ್ಕ 76561197960265728ರಿಂದ ಶುರುವಾಗುತ್ತೆ, 17 ಅಂಕಿ. ಗುಂಪುಗಳದ್ದು 103582791429521408ರಿಂದ, 18 ಅಂಕಿ. ವಾಲ್ವ್‌ನ ಸ್ವಂತ ಗುಂಪಿನ ಸಂಖ್ಯೆ 103582791429521412. ಕಳೆದು ನೋಡಿ, 4 ಬರುತ್ತೆ. ಅಂದರೆ ಅದು 4ನೇ ಗುಂಪು. ಹೀಗೆ ಒಂದೊಂದೇ ಕೂಡಿಸುತ್ತಾ ಹೋದರೆ ಇರುವ ಎಲ್ಲ ಗುಂಪಿನ, ಎಲ್ಲ ಮನುಷ್ಯರ ಬಾಗಿಲಿಗೂ ಹೋಗಿ ನಿಲ್ಲಬಹುದು. ಮೊನ್ನೆ ಮೊನ್ನೆವರೆಗೂ ಯಾರೂ ಭೇಟಿ ಕೊಡದ, ಯಾವ ಲಿಂಕೂ ಇಲ್ಲದ ಪುಟವೂ ಸಿಗುತ್ತೆ. ಮಾಮೂಲಿ ವೆಬ್‌ನಲ್ಲಿ ಇದು ಆಗದ ಮಾತು, ಅಲ್ಲಿ ಒಂದು ಲಿಂಕ್ ಹಿಡಿದು ಇನ್ನೊಂದಕ್ಕೆ ಹೋಗಬೇಕು.

ಆದರೆ ಜನ ಬಳಸೋದು ಈ ಸಂಖ್ಯೆಯನ್ನಲ್ಲ. ತಮಗೆ ಇಷ್ಟವಾದ ಹೆಸರಿನ ವಿಳಾಸ ಮಾಡಿಕೊಳ್ತಾರೆ. ಅದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು, ಬಿಟ್ಟ ಹೆಸರನ್ನು ಇನ್ಯಾರೋ ಎತ್ತಿಕೊಳ್ಳಬಹುದು. ಹಾಗಾಗಿ ಹಳೆ ವೆಬ್ ಪುಟಗಳ ಪ್ರತಿ ಇಟ್ಟುಕೊಳ್ಳುವ ತಾಣವಾದ ವೇಬ್ಯಾಕ್ ಮಷಿನ್‌ನಲ್ಲಿ ಒಂದೇ ಹೆಸರಿನ ವಿಳಾಸಕ್ಕೆ ಬೇರೆ ಬೇರೆ ವರ್ಷದಲ್ಲಿ ಬೇರೆ ಬೇರೆ ಮನುಷ್ಯ ಸಿಗುವ ಸಾಧ್ಯತೆ ಇದೆ. ನೋಡಿದವರು ಇಬ್ಬರನ್ನೂ ಒಬ್ಬರೇ ಅಂದುಕೊಳ್ತಾರೆ. ಉಳಿಸುವಾಗ ಸಂಖ್ಯೆಯ ವಿಳಾಸವನ್ನೇ ಹಿಡಿಯಬೇಕು ಅನ್ನೋದು ಇದಕ್ಕೇ.

ಈಗ ಗಾತ್ರದ ಲೆಕ್ಕ. ಕ್ರಮಸಂಖ್ಯೆ 100 ಕೋಟಿ ದಾಟಿ ಆಗಿದೆ. ಸೆಕೆಂಡಿಗೆ ಒಂದು ಪುಟದಂತೆ ಇಳಿಸಿದರೆ 100 ಕೋಟಿ ಪುಟಕ್ಕೆ ಸುಮಾರು 32 ವರ್ಷ ಬೇಕು. ಜೋರಾಗಿ ಇಳಿಸೋಣ ಅಂದರೆ ಸರ್ವರ್ ಬಿಡಲ್ಲ, 429 ಅಂತ ಒಂದು ಸಂಕೇತ ಕಳಿಸಿ 'ಜಾಸ್ತಿ ಕೇಳ್ತಿದ್ದೀಯ, ನಿಲ್ಲು' ಅನ್ನುತ್ತೆ. ಅದು ನ್ಯಾಯವೇ, ಅವರ ಸರ್ವರ್ ಇರೋದು ಆಟ ಆಡೋರಿಗೆ. ಹಾಗಾಗಿ ಇಂಥ ಕೆಲಸ ಮಾಡುವ ಆರ್ಕೈವ್ ಟೀಮ್ ಅನ್ನೋ ಸ್ವಯಂಸೇವಕರ ತಂಡ ಬೇರೆ ದಾರಿ ಹಿಡಿದಿದೆ. ಜೇಸನ್ ಸ್ಕಾಟ್ 2009ರಲ್ಲಿ ಶುರು ಮಾಡಿದ ತಂಡ ಇದು, ಅದೇ ವರ್ಷ ಯಾಹೂ ಮುಚ್ಚಿದ ಜಿಯೋಸಿಟೀಸ್ ಪುಟಗಳನ್ನು ಉಳಿಸಿ ಹೆಸರಾಯಿತು. ಇವರ ಹತ್ತಿರ ವಾರಿಯರ್ ಅಂತ ಒಂದು ತಂತ್ರಾಂಶ ಇದೆ. ಅದನ್ನು ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಓಡಿಸಬಹುದು. ನಡುವೆ ಇರುವ ಒಂದು ಟ್ರ್ಯಾಕರ್ 'ನೀನು ಈ ಸಂಖ್ಯೆಯಿಂದ ಆ ಸಂಖ್ಯೆವರೆಗೆ ತಗೋ' ಅಂತ ಕೆಲಸ ಹಂಚುತ್ತೆ. ಸಾವಿರ ಜನ ತಲಾ ಸೆಕೆಂಡಿಗೆ ಒಂದು ಪುಟ ಇಳಿಸಿದರೆ 32 ವರ್ಷದ ಕೆಲಸ ಹನ್ನೆರಡು ದಿನಕ್ಕೆ ಇಳಿಯುತ್ತೆ. ಅಷ್ಟು ಹೊರೆಯನ್ನು ಆ ಕಡೆಯ ಸರ್ವರ್ ತಾಳಬೇಕು ಅನ್ನೋದು ಬೇರೆ ಮಾತು.

ಅವಸರ ಯಾಕೆ ಅಂತೀರಾ? ಎಕ್ಸ್‌ಫೈರ್ ನೆನಪಿದೆಯಾ? ಸ್ಟೀಮ್ ಕಮ್ಯುನಿಟಿಗೂ ಮೊದಲೇ ಗೇಮರ್‌ಗಳು ಸೇರುತ್ತಿದ್ದ ಜಾಗ. 2006ರಲ್ಲಿ ವಯಾಕಾಮ್ ಅದನ್ನು 10 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡಿತ್ತು. 2015ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಜನ ತಮ್ಮ ಚಿತ್ರ, ವಿಡಿಯೋ ಇಳಿಸಿಕೊಳ್ಳೋಕೆ ಸಿಕ್ಕಿದ್ದು ಎರಡು ವಾರದ ಆಸುಪಾಸು. ಆಟದ ಕಂಪನಿ ನಿಂಟೆಂಡೋ ತನ್ನ ಆಟಗಾರರಿಗೆ ಮಾಡಿದ್ದ ಹರಟೆ ತಾಣ ಮೀವರ್ಸ್ ಸ್ವಲ್ಪ ಪುಣ್ಯ ಮಾಡಿತ್ತು. 2017ರ ನವೆಂಬರ್‌ನಲ್ಲಿ ಅದು ಮುಚ್ಚುವ ಮೊದಲೇ ವಿಷಯ ಗೊತ್ತಾಗಿ, ಸ್ವಯಂಸೇವಕರು ಸುಮಾರು 17 ಟೆರಾಬೈಟ್‌ನಷ್ಟು ಬಾಚಿಕೊಂಡರು. ಅದರಲ್ಲಿ ಮಕ್ಕಳು ಕೈಯಾರೆ ಗೀಚಿದ ಚಿತ್ರಗಳೂ ಇದ್ದವು. ನಮ್ಮವರಿಗೆ ಹತ್ತಿರದ ಉದಾಹರಣೆ ಅಂದರೆ ಗೂಗಲ್ ಕಂಪನಿಯ ಆರ್ಕುಟ್, 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಕನ್ನಡದ ಎಷ್ಟೊಂದು ಕಮ್ಯುನಿಟಿಗಳು ಅಲ್ಲಿದ್ದವು! ಗೂಗಲ್ ಕೆಲವು ವರ್ಷ ಹಳೆ ಕಮ್ಯುನಿಟಿ ಪುಟಗಳನ್ನು ಓದೋಕೆ ಬಿಟ್ಟಿತ್ತು, ಆಮೇಲೆ ಅದನ್ನೂ ತೆಗೆಯಿತು. ಸ್ಟೀಮ್ ಮುಚ್ಚುತ್ತೆ ಅಂತ ನಾನು ಹೇಳ್ತಿಲ್ಲ. ಆದರೆ ಒಂದೊಂದು ಪುಟ ದಿನಾ ಬದಲಾಗುತ್ತಲೇ ಇರುತ್ತೆ, ಅದಕ್ಕೆ ಯಾರೂ ನೋಟಿಸ್ ಕೊಡಲ್ಲ.

ಇಳಿಸಿದ್ದನ್ನು ಇಡೋದು ವಾರ್ಕ್ ಅನ್ನುವ ಕಡತದಲ್ಲಿ. ಐಎಸ್‌ಒ 28500 ಅಂತ ಅದಕ್ಕೆ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಪುಟದ ಜೊತೆಗೆ ನಾವು ಏನು ಕೇಳಿದೆವು, ಸರ್ವರ್ ಏನು ಉತ್ತರ ಕೊಟ್ಟಿತು, ಯಾವ ಕ್ಷಣದಲ್ಲಿ, ಎಲ್ಲ ದಾಖಲಾಗುತ್ತೆ. ಸ್ಕ್ರೀನ್‌ಶಾಟನ್ನು ಯಾರು ಬೇಕಾದರೂ ತಿದ್ದಬಹುದು. ಇಲ್ಲಿ ಕನಿಷ್ಠ ಪಕ್ಷ ಒಂದು ಜಾಡು ಇರುತ್ತೆ. ಒಂದು ಪುಟಕ್ಕೆ 50 ಕಿಲೋಬೈಟ್ ಅಂತ ಇಟ್ಟುಕೊಂಡರೂ 100 ಕೋಟಿಗೆ 50 ಟೆರಾಬೈಟ್ ಆಗುತ್ತೆ, ಚಿತ್ರಗಳು ಬೇರೆ. ಅದೃಷ್ಟಕ್ಕೆ ಚಿತ್ರದ ವಿಷಯದಲ್ಲಿ ಸ್ಟೀಮ್ ಒಳ್ಳೆಯ ಕೆಲಸ ಮಾಡಿದೆ. ಅವತಾರ್ ಕಡತದ ಹೆಸರೇ 40 ಅಕ್ಷರದ ಬೆರಳಚ್ಚು. ಚಿತ್ರ ಒಂದೇ ಆದರೆ ಹೆಸರೂ ಒಂದೇ. ಅವತಾರ್ ಹಾಕದ ಅಷ್ಟೂ ಜನರ ಪುಟದಲ್ಲಿರುವ ಪ್ರಶ್ನಾರ್ಥಕ ಚಿಹ್ನೆಯ ಚಿತ್ರವನ್ನು ಒಂದು ಸಲ ಇಳಿಸಿದರೆ ಮುಗೀತು.

ಗುಂಪಿನ ಸದಸ್ಯರ ಪಟ್ಟಿ ಮಾತ್ರ ನಿಜವಾದ ತಲೆನೋವು. ಸಂತೆಯಲ್ಲಿ ತಲೆ ಎಣಿಸಿದ ಹಾಗೆ, ಎಣಿಸಿ ಮುಗಿಸೋದರೊಳಗೆ ಜನ ಆಚೀಚೆ ಆಗಿರ್ತಾರೆ. ಸ್ಟೀಮ್ ಈ ಪಟ್ಟಿಯನ್ನು ಎಕ್ಸ್‌ಎಂಎಲ್ ಅನ್ನೋ, ಕಂಪ್ಯೂಟರ್ ಸುಲಭವಾಗಿ ಓದುವ ರೂಪದಲ್ಲಿ ಕೊಡುತ್ತೆ, ಪುಟಕ್ಕೆ 1000 ಜನ. ಲಕ್ಷ ಸದಸ್ಯರ ಗುಂಪು ಅಂದರೆ 100 ಸಲ ಕೇಳಬೇಕು. ನೀವು ಎರಡನೇ ಪುಟ ಇಳಿಸಿದಿರಿ ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಮೊದಲ ಪುಟದಲ್ಲಿದ್ದ ಒಬ್ಬ ಗುಂಪು ಬಿಟ್ಟ. ಅವನ ಹಿಂದಿನವರೆಲ್ಲ ಒಂದೊಂದು ಸ್ಥಾನ ಮುಂದೆ ಬಂದರು. ಮೂರನೇ ಪುಟದ ಮೊದಲನೆಯವಳು ಈಗ ಎರಡನೇ ಪುಟದ ಕೊನೆಯವಳು. ನೀವು ಆ ಪುಟ ಆಗಲೇ ಮುಗಿಸಿದ್ದೀರಿ, ಈಗ ಕೇಳೋದು ಮೂರನ್ನು. ಆ ಹುಡುಗಿ ಗುಂಪಿನಲ್ಲಿ ಇದ್ದಳು, ಬಿಟ್ಟೂ ಇರಲಿಲ್ಲ, ಆದರೂ ನಿಮ್ಮ ದಾಖಲೆಯಲ್ಲಿ ಇಲ್ಲ. ಅವಳ ಪ್ರೊಫೈಲ್ ಪುಟ ಇಳಿಸಿದ್ದರೆ ಅದರಲ್ಲಿ ಆ ಗುಂಪಿನ ಹೆಸರು ಸಿಗಬಹುದು. ಎರಡೂ ಕಡೆಯಿಂದ ಹಿಡಿದರೆ ಮಾತ್ರ ತಪ್ಪು ಗೊತ್ತಾಗೋದು.

ಇಷ್ಟೆಲ್ಲ ಒದ್ದಾಡಿ ಏನು ಸಿಗುತ್ತೆ? ನನಗೆ ತುಂಬಾ ಹಿಡಿಸಿದ್ದು ಮೋಸಗಾರರ ಅಧ್ಯಯನ. ಸ್ಟೀಮ್‌ನಲ್ಲಿ ಚೀಟ್ ಮಾಡಿ ಸಿಕ್ಕಿಬಿದ್ದರೆ 'ವ್ಯಾಕ್ ಬ್ಯಾನ್' ಬೀಳುತ್ತೆ, ಅದು ಪ್ರೊಫೈಲ್‌ನಲ್ಲಿ ಎಲ್ಲರಿಗೂ ಕಾಣುತ್ತೆ. ಅಮೆರಿಕದ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಂಗಡಿಗರೂ 1.2 ಕೋಟಿಗೂ ಹೆಚ್ಚು ಪ್ರೊಫೈಲ್‌ಗಳನ್ನು ಜಾಲಾಡಿದರು. ಅದರಲ್ಲಿ 7 ಲಕ್ಷಕ್ಕೂ ಜಾಸ್ತಿ ಜನಕ್ಕೆ ಈ ಮುದ್ರೆ ಬಿದ್ದಿತ್ತು. 2012ರಲ್ಲಿ ಬಂದ ಅವರ ಪ್ರಬಂಧದ ಪ್ರಕಾರ ಮೋಸಗಾರರು ಮೂಲೆಯಲ್ಲಿ ಒಂಟಿಯಾಗಿ ಕೂತವರಲ್ಲ, ಸ್ನೇಹದ ಜಾಲದಲ್ಲಿ ಎಲ್ಲರ ಹಾಗೇ ಬೆರೆತವರು. ಆದರೆ ಮೋಸಗಾರ ಸ್ನೇಹಿತರು ಹೆಚ್ಚಿದ್ದಷ್ಟೂ ಸಾಚಾ ಆಟಗಾರ ಮುಂದೆ ಮೋಸಕ್ಕೆ ಇಳಿಯುವ ಸಂಭವ ಜಾಸ್ತಿ. ಸಿಕ್ಕಿಬಿದ್ದ ಮೇಲೆ ಅವರು ಉಳಿದವರಿಗಿಂತ ಹೆಚ್ಚು ಸ್ನೇಹಿತರನ್ನು ಕಳೆದುಕೊಳ್ತಾರೆ, ಪ್ರೊಫೈಲ್ ಮುಚ್ಚಿಕೊಳ್ತಾರೆ. ಇವತ್ತಿನ ಪುಟ ಒಂದನ್ನೇ ನೋಡಿದರೆ ಇದು ಗೊತ್ತಾಗಲ್ಲ. ಬ್ಯಾನ್ ಬೀಳುವ ಮೊದಲಿನ ಪಟ್ಟಿ, ಆಮೇಲಿನ ಪಟ್ಟಿ, ಎರಡೂ ಬೇಕು.

ಬರೀ ಸರಾಸರಿ ಬೇಕಿದ್ದರೆ ಎಲ್ಲವನ್ನೂ ಇಳಿಸಬೇಕಾಗಿಲ್ಲ. ಸಂಖ್ಯೆಗಳು ಸಾಲಾಗಿರೋದರಿಂದ ಕಣ್ಣುಮುಚ್ಚಿ ಒಂದು ಲಕ್ಷ ಆರಿಸಿದರೆ ಸಾಕು, ಹೆಚ್ಚುಕಮ್ಮಿ ಶೇಕಡಾ 0.3ರೊಳಗೆ ಉತ್ತರ ಸಿಗುತ್ತೆ. ಆರ್ಸ್ ಟೆಕ್ನಿಕಾ ಅನ್ನೋ ತಂತ್ರಜ್ಞಾನದ ಸುದ್ದಿತಾಣ 2014ರಲ್ಲಿ ಹೀಗೇ ಮಾಡಿ, ಜನ ಹೊಂದಿರುವ ಆಟಗಳಲ್ಲಿ ಸುಮಾರು ಶೇಕಡಾ 37ರಷ್ಟನ್ನು ಒಂದು ಸಲವೂ ತೆರೆದಿಲ್ಲ ಅಂತ ತೋರಿಸಿತು. ಡಿಸ್ಕೌಂಟ್ ಸೇಲ್‌ನಲ್ಲಿ ಕೊಂಡು ಮರೆತವರು ನಾನೊಬ್ಬನೇ ಅಲ್ಲ ಅಂತ ಸಮಾಧಾನ ಆಯಿತು. ಇದೇ ದಾರಿಯಲ್ಲಿ ಸ್ಟೀಮ್ ಸ್ಪೈ ಅನ್ನೋ ತಾಣ ಯಾವ ಆಟ ಎಷ್ಟು ಜನರ ಹತ್ತಿರ ಇದೆ ಅಂತ ಅಂದಾಜು ಹೇಳುತ್ತಿತ್ತು. 2018ರ ಏಪ್ರಿಲ್‌ನಲ್ಲಿ ವಾಲ್ವ್ ಒಂದು ಗುಂಡಿ ತಿರುಗಿಸಿತು, ಯಾರ ಹತ್ತಿರ ಯಾವ ಆಟ ಇದೆ ಅನ್ನೋದು ತಾನಾಗೇ ಗುಟ್ಟಾಯಿತು. ತೋರಿಸಬೇಕು ಅನ್ನೋರು ಸೆಟ್ಟಿಂಗ್‌ಗೆ ಹೋಗಿ ಬದಲಾಯಿಸಬೇಕು. ಎಷ್ಟು ಜನ ಹೋಗ್ತಾರೆ? ಹೋದವರೂ ಸಾಮಾನ್ಯ ಆಟಗಾರರಲ್ಲ, ಆಟದ ಹುಚ್ಚಿನವರೇ ಜಾಸ್ತಿ ಇರ್ತಾರೆ. ಸ್ಯಾಂಪಲ್ ಕೆಟ್ಟಿತು. ಹಾಗಂತ ವಾಲ್ವ್ ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸಲ್ಲ.

ಇನ್ನೊಂದು ತೂತು ನಮ್ಮ ಕಡೆಯದು. 2000ದ ದಶಕದಲ್ಲಿ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಕೌಂಟರ್-ಸ್ಟ್ರೈಕ್ 1.6 ಆಡಿ ಬೆಳೆದವರು ಬೇಕಾದಷ್ಟು ಜನ. ಎಷ್ಟೋ ಕಡೆ ಇದ್ದದ್ದು 'ನಾನ್-ಸ್ಟೀಮ್', ಅಂದರೆ ಕಾಪಿ ಹೊಡೆದ ಪ್ರತಿ, ಲ್ಯಾನ್ ಮೇಲೆ, ಅಂದರೆ ಕೆಫೆಯ ಕಂಪ್ಯೂಟರುಗಳ ನಡುವೆಯೇ, ಆಟ. ಖಾತೆಯೇ ಇಲ್ಲ ಅಂದಮೇಲೆ ಸಂಖ್ಯೆ ಎಲ್ಲಿಂದ ಬರಬೇಕು? ನಾಳೆ ಯಾರೋ ಸ್ಟೀಮ್ ಆರ್ಕೈವ್ ತೆಗೆದು ಆ ಕಾಲದಲ್ಲಿ ಭಾರತದಲ್ಲಿ ಆಡೋರೇ ಕಮ್ಮಿ ಇದ್ದರು ಅಂತ ಬರೆದರೆ ಆಶ್ಚರ್ಯ ಇಲ್ಲ.

ಕೊನೆಗೆ ಉಳಿಯೋದು ಕೇಳದೇ ಉಳಿಸಬಹುದಾ ಅನ್ನೋ ಪ್ರಶ್ನೆ. ಕಾನೂನು ಏನನ್ನುತ್ತೆ? ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ತಾನಾಗಿಯೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಗೆ ಅನ್ವಯಿಸಲ್ಲ. ಯುರೋಪಿನ ಕಾನೂನು ಅಳಿಸು ಅಂತ ಕೇಳುವ ಹಕ್ಕು ಕೊಡುತ್ತೆ, ಸಾರ್ವಜನಿಕ ಹಿತದ ಆರ್ಕೈವ್‌ಗೆ ರಿಯಾಯಿತಿಯನ್ನೂ ಇಟ್ಟಿದೆ. ಆದರೆ ಹದಿನೈದರ ಹುಡುಗ ತನ್ನ ಊರು, ಶಾಲೆ ಬರೆದುಕೊಂಡಿದ್ದನ್ನು ಆಮೇಲೆ ಅಳಿಸಿದ ಅಂದರೆ, ನನ್ನ ಪ್ರಕಾರ ಅದು ಹುಡುಕಾಟದಲ್ಲಿ ಸಿಗಬಾರದು. ಗುಂಪಿನ ಪುಟ, ಪ್ರಕಟಣೆ, ಸದಸ್ಯರ ಸಂಖ್ಯೆ ಎಲ್ಲರಿಗೂ ತೆರೆದಿರಲಿ. ಒಬ್ಬೊಬ್ಬರ ಪ್ರೊಫೈಲ್ ರಾಶಿಯನ್ನು ಹೆಸರು ಹಾಕಿ ಹುಡುಕೋಕೆ ಬಿಡದೆ ಸಂಶೋಧಕರಿಗೆ ಮಾತ್ರ ಕೊಡಲಿ, ತೆಗೆಯಿರಿ ಅಂದರೆ ತೆಗೆಯಲಿ. ಇದಕ್ಕೆ ಆರ್ಕೈವ್ ಮಾಡೋರೇ ಎಲ್ಲರೂ ಒಪ್ಪಲ್ಲ. ಒಂದು ಸಲ ಬಾಗಿಲು ಹಾಕಿದರೆ ಯಾರು ತೆಗೀತಾರೆ ಅಂತ ಅವರ ವಾದ, ಅದರಲ್ಲೂ ಹುರುಳಿದೆ.

ನಿಮ್ಮದೇ ಹಳೆ ಆಟದ ತಂಡ, ಅಂದರೆ ಕ್ಲಾನ್‌ನ ಗುಂಪು ಇನ್ನೂ ಇದ್ದರೆ ಇಷ್ಟೆಲ್ಲ ರಗಳೆ ಬೇಕಾಗಿಲ್ಲ. ಗುಂಪಿನವರಿಗೆ ಒಂದು ಮಾತು ಹೇಳಿ, 18 ಅಂಕಿಯ ವಿಳಾಸವನ್ನು ವೇಬ್ಯಾಕ್ ಮಷಿನ್‌ಗೆ ಕೊಟ್ಟು ಪುಟ ಉಳಿಸಿ. ಪ್ರಕಟಣೆಗಳ ಪುಟವನ್ನು ಬೇರೆಯಾಗಿ ಕೊಡಬೇಕು, ಅದು ತಾನಾಗೇ ಬರಲ್ಲ.