ವಯೋದೃಢೀಕರಣ: ಕೇಳಿದ್ದು ಹೌದೋ ಅಲ್ಲವೋ, ಕೊಟ್ಟದ್ದು ಇಡೀ ಆಧಾರ್

ಜಾಲತಾಣ, ಆ್ಯಪ್‌ಗಳು ‘ನನಗೆ 18 ವರ್ಷ ತುಂಬಿದೆ’ ಎಂಬ ಚೌಕಕ್ಕೆ ಟಿಕ್ ಹಾಕಿಸಿಕೊಳ್ಳುವುದನ್ನೂ ‘ವಯೋದೃಢೀಕರಣ’ (ಏಜ್ ವೆರಿಫಿಕೇಶನ್) ಅಂತಲೇ ಬರೆಯುತ್ತಾರೆ. ಟಿಕ್ ಹಾಕುವುದು ಘೋಷಣೆ. ಅಲ್ಲಿ ಏನೂ ದೃಢವಾಗಿಲ್ಲ. (‘ಧೃಡೀಕರಣ’ ಎಂದು ಬರೆಯುವವರಿಗೆ: ಮಹಾಪ್ರಾಣ ಇರುವುದು ಎರಡನೇ ಅಕ್ಷರಕ್ಕೆ. ಮೊದಲು ದ, ಆಮೇಲೆ ಢ.)

ಈ ಪದದ ಜೀವ ನಡುವಿನ ‘ಈ’ಕಾರದಲ್ಲಿದೆ. ಸಂಸ್ಕೃತ ವ್ಯಾಕರಣ ಇದನ್ನು ಚ್ವಿ ಪ್ರತ್ಯಯದ ಕೆಲಸ ಎನ್ನುತ್ತದೆ: ಹಾಗಿಲ್ಲದ್ದು ಹಾಗಾಗುವುದು, ‘ಅಭೂತತದ್ಭಾವ’. ಕೊಳೆ ನೀರಿಗೆ ಶುದ್ಧೀಕರಣ, ಶುದ್ಧ ನೀರಿಗೆ ಅದರ ಗೊಡವೆಯೇ ಇಲ್ಲ. ಹಾಗೆಯೇ ದೃಢೀಕರಣಕ್ಕೆ ಮುಂಚೆ ಇನ್ನೂ ಗಟ್ಟಿಯಾಗದ ಒಂದು ಮಾತು ಇರಬೇಕು. ಇಲ್ಲಿ ಆ ಮಾತು ‘18 ತುಂಬಿದೆ’, ಅಷ್ಟೇ. ಹೆಸರು, ಊರು, ಮುಖ, ಕಡೆಗೆ ಹುಟ್ಟಿದ ತಾರೀಕು ಕೂಡ ಅದರಲ್ಲಿಲ್ಲ.

ಆದರೆ ಕನ್ನಡದಲ್ಲಿ ಈ ಪದ ಪಳಗಿದ್ದು ಸರ್ಕಾರಿ ಕಚೇರಿಯಲ್ಲಿ. ವಾಸಸ್ಥಳ ದೃಢೀಕರಣ ಪತ್ರ, ಗೆಜೆಟೆಡ್ ಅಧಿಕಾರಿ ಸಹಿ ಹಾಕಿದ ದೃಢೀಕೃತ ಪ್ರತಿ. ಹಾಗಾಗಿ ಫೋನಿನಲ್ಲಿ ‘ದೃಢೀಕರಿಸಿ’ ಎಂದು ಕಂಡರೂ ಕೈ ಜೆರಾಕ್ಸ್ ಹುಡುಕುತ್ತದೆ, ಆಧಾರ್ ಫೋಟೊ ಹೋಗಿಬಿಡುತ್ತದೆ. ತಮಾಷೆಯೆಂದರೆ ಆಧಾರ್ ಗುರುತಿನ ಪುರಾವೆಯೇ ಹೊರತು ಜನ್ಮದಿನಾಂಕದ್ದಲ್ಲ. ಈಚಿನ ಕಾರ್ಡುಗಳ ಮೇಲೆ ಹಾಗೆಂದು ಮುದ್ರಿಸಿಯೇ ಇದೆ. ‘ಮಾಸ್ಕ್ಡ್ ಆಧಾರ್ ಕೊಟ್ಟೆ, ಸೇಫ್’ ಎನ್ನುವವರು ಒಮ್ಮೆ ಆ ಪಿಡಿಎಫ್ ತೆರೆದು ನೋಡಲಿ: ಮುಚ್ಚಿರುವುದು ಸಂಖ್ಯೆಯ ಮೊದಲ 8 ಅಂಕಿ ಮಾತ್ರ. ಹೆಸರು, ಫೋಟೊ, ವಿಳಾಸ ಎಲ್ಲ ಹಾಗೇ ಇವೆ.

ಹೀಗೆ ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ 2025ರ ಅಕ್ಟೋಬರ್ ಸಾಕು. ಹೊರಗಿನ ಗ್ರಾಹಕ ಸೇವಾ ಗುತ್ತಿಗೆದಾರರ ಕಡೆಯಿಂದಾದ ಸೋರಿಕೆಯಲ್ಲಿ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಚಿತ್ರಗಳು ಬಯಲಾಗಿರಬಹುದು ಎಂದು ಚಾಟ್ ಆ್ಯಪ್ ಡಿಸ್ಕಾರ್ಡ್ ತಿಳಿಸಿತು. ವಯಸ್ಸಿನ ತಕರಾರು ಬಗೆಹರಿಸಲೆಂದು ಕಳಿಸಿದ್ದ ಚಿತ್ರಗಳವು.

ಸೆಲ್ಫಿ ನೋಡಿ ವಯಸ್ಸು ಹೇಳುವ ವ್ಯವಸ್ಥೆಯೂ ದೃಢೀಕರಣವಲ್ಲ, ಅಂದಾಜು. ಅಂದಾಜು ಹಿಂದೆ ಮುಂದೆ ಆಗುತ್ತದೆ; 17ರವರನ್ನೂ 19ರವರನ್ನೂ ಮುಖ ನೋಡಿ ಬೇರ್ಪಡಿಸಲಾಗದು. ಅದಕ್ಕೇ ಗೆರೆಯನ್ನು 18ಕ್ಕಿಂತ ಮೇಲೆ ಎಳೆದು, ಕೆಳಗೆ ಬಿದ್ದವರಿಗೆ ಚೀಟಿ ಕೇಳುತ್ತಾರೆ. ಬ್ರಿಟನ್ನಿನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ತಾಣಗಳಿಗೆ ಬರೀ ಘೋಷಣೆ ಸಾಲದು. ಅಲ್ಲಿನ ನಿಯಂತ್ರಕ ಆಫ್‌ಕಾಮ್ ಒಪ್ಪುವ ವಿಧಾನಗಳಲ್ಲಿ ಈ ಮುಖದ ಅಂದಾಜೂ ಇದೆ.

ಕ್ಯಾಲಿಫೋರ್ನಿಯಾದ ಎಬಿ 1043 ಕಾಯ್ದೆಯ ಸುದ್ದಿಯಲ್ಲಂತೂ ಪದ ಪೂರ್ತಿ ಹಳಿ ತಪ್ಪಿದೆ. 2027ರ ಜನವರಿ 1ರಿಂದ ಫೋನು, ಕಂಪ್ಯೂಟರ್ ನಡೆಸುವ ಆಪರೇಟಿಂಗ್ ಸಿಸ್ಟಂನಲ್ಲಿ ಖಾತೆ ತೆರೆಯುವಾಗಲೇ ವಯಸ್ಸು ಕೇಳಬೇಕು. ಆ್ಯಪ್‌ಗೆ 13ರೊಳಗೆ, 13–15, 16–17, 18 ಮತ್ತು ಮೇಲ್ಪಟ್ಟು ಎಂಬ ನಾಲ್ಕರಲ್ಲಿ ಯಾವುದು ಎಂದಷ್ಟೇ ತಿಳಿಸಬೇಕು. ಚೀಟಿ ತೋರಿಸಬೇಕಿಲ್ಲ. ಇದು ಫೋನಿನೊಳಗೆ ಹೋಗಿ ಕೂತ ಘೋಷಣೆ. ಖಾಸಗಿತನಕ್ಕೆ ಆಧಾರ್ ಫೋಟೊಗಿಂತ ಎಷ್ಟೋ ವಾಸಿ, ನಿಜ. ಆದರೆ ‘ಇದು ಮಗುವಿನ ಫೋನು’ ಎಂಬ ಸಂಗತಿ ಪ್ರತಿ ಆ್ಯಪ್‌ಗೂ ಗೊತ್ತಾಗುತ್ತದೆ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯದು ಇನ್ನೊಂದು ಗೋಜಲು. 18ರೊಳಗಿನವರ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆ ಬೇಕು. ಒಪ್ಪಿಗೆ ಕೊಟ್ಟವರು ವಯಸ್ಕರೇ ಎಂದು ಪರಿಶೀಲಿಸಬೇಕು. ಅಂದರೆ ಆ ಕಾಯ್ದೆಯ 2025ರ ನಿಯಮಗಳು ಪರೀಕ್ಷಿಸುವುದು ಅಪ್ಪ ಅಮ್ಮನ ವಯಸ್ಸನ್ನು. ಅದಕ್ಕೆ ಡಿಜಿಲಾಕರ್‌ನಂಥ ಕಡೆಯಿಂದ ಬರುವ ವರ್ಚುವಲ್ ಟೋಕನ್ (ವಯಸ್ಸಿನ ವಿವರಕ್ಕೆ ಜೋಡಿಸಿದ ಡಿಜಿಟಲ್ ಸಂಕೇತ) ಸಾಕು ಎಂದೂ ಇದೆ. ‘ಮಕ್ಕಳ ಆಧಾರ್ ಕಡ್ಡಾಯ’ ಎಂದು ಬರೆಯುವವರು ನಿಯಮ ಓದಿಲ್ಲ.

ಚೀಟಿ ಕೊಡಲೇಬೇಕಾದರೆ, ಮೊದಲು ಟೋಕನ್ ಅಥವಾ ಕ್ರೆಡಿಟ್ ಕಾರ್ಡ್ ದಾರಿ ಇದೆಯೇ ನೋಡಿ. ಸೆಲ್ಫಿಯಾದರೆ ಪರೀಕ್ಷೆ ಫೋನಿನಲ್ಲೇ ನಡೆಯುತ್ತದೋ, ಚಿತ್ರ ಸರ್ವರ್‌ಗೆ ಹೋಗುತ್ತದೋ ಎಂಬುದು ಗೌಪ್ಯತಾ ನೀತಿಯಲ್ಲಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾಕ್ಕೆ ‘ಈ ಬಾರಿ ಮಾತ್ರ’ ಅನುಮತಿ ಕೊಡಿ. ಚೀಟಿಯನ್ನು ಫೋನಿನ ಕ್ಯಾಮೆರಾದಲ್ಲಿ ತೆಗೆದು ಆಮೇಲೆ ಅಪ್‌ಲೋಡ್ ಮಾಡಿದರೆ ಒಂದು ಪ್ರತಿ ಗ್ಯಾಲರಿಯಲ್ಲಿ ಉಳಿಯುತ್ತದೆ, ಬ್ಯಾಕಪ್ ಚಾಲೂ ಇದ್ದರೆ ಇನ್ನೊಂದು ಗೂಗಲ್ ಫೋಟೋಸ್‌ಗೆ ಹೋಗುತ್ತದೆ. ಅಳಿಸಿದರೂ, ಟ್ರ್ಯಾಶ್ ಖಾಲಿ ಮಾಡದಿದ್ದರೆ 60 ದಿನ ಅಲ್ಲೇ ಬಿದ್ದಿರುತ್ತದೆ.