ಬೇಕಲ ಕೋಟೆ ಗುಡ್ಡ ಹತ್ತಿದ ದಿನ

ಬೇಕಲ ಕೋಟೆಯ ಗೋಡೆಗೆ ಕಡಲ ತೆರೆ ಬಡಿಯುತ್ತದೆ. ಇದನ್ನು ತಿಳಿಯಲು ಕಾಸರಗೋಡಿನವರಿಗೆ ನಕ್ಷೆ ಬೇಕಾಗಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಬ್ರಿಟಿಷರ ಕಾಲದ ನಕ್ಷೆಯೊಂದನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿದಾಗ, ನನ್ನ ಕಂಪ್ಯೂಟರಿನ ಪರದೆಯಲ್ಲಿ ಅದೇ ಕೋಟೆ ಸಮುದ್ರದ ಸಹವಾಸ ಬಿಟ್ಟು ನಾಲ್ಕೂವರೆ ಕಿಲೋಮೀಟರ್ ಪೂರ್ವಕ್ಕೆ ನಡೆದು ಗುಡ್ಡಗಳ ನಡುವೆ ಕುಳಿತಿತ್ತು. ಪಕ್ಕದಲ್ಲಿದ್ದ ಸಂಶೋಧನಾ ವಿದ್ಯಾರ್ಥಿ ನಕ್ಕು, "ಬ್ರಿಟಿಷರು ಅಳೆದದ್ದು ಇಷ್ಟೇ ನೋಡಿ" ಎಂದರು.

ಬ್ರಿಟಿಷರ ಸರ್ವೆಯವರು ಅಷ್ಟು ದಡ್ಡರಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಭೂಮಾಪನಕ್ಕೆ ಮದ್ರಾಸಿನ ವೀಕ್ಷಣಾಲಯದ ರೇಖಾಂಶವೇ ಆಧಾರ. ಆ ಒಂದು ಅಂಕಿಯಲ್ಲಿ ಸುಮಾರು 2 ನಿಮಿಷ 27 ಸೆಕೆಂಡುಗಳಷ್ಟು (ಗಡಿಯಾರದ ನಿಮಿಷವಲ್ಲ, ಡಿಗ್ರಿಯ ಅರವತ್ತನೆಯ ಪಾಲು) ಹೆಚ್ಚಳವಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಸರಿಪಡಿಸುವವರೆಗೆ ಇಡೀ ದೇಶದ ನಕ್ಷೆಯೇ ಒಟ್ಟಾಗಿ ಪೂರ್ವಕ್ಕೆ ಸರಿದಿತ್ತು. ಊರಿಂದ ಊರಿಗೆ ಅಂತರ ಸರಿ, ದಿಕ್ಕು ಸರಿ, ಕೂತ ಜಾಗ ಮಾತ್ರ ತಪ್ಪು. ಅದನ್ನು ಕಳೆದುಬಿಟ್ಟರೆ ಕೋಟೆ ಕಡಲಿಗೆ ಮರಳುತ್ತದೆ. ಆದರೂ ಪೂರ್ತಿ ಅಲ್ಲ. ಭೂಮಿಯ ಆಕಾರಕ್ಕೆ ಆಗ ಬಳಸುತ್ತಿದ್ದ, ಸರ್ವೆ ಅಧಿಕಾರಿ ಜಾರ್ಜ್ ಎವರೆಸ್ಟರ ಲೆಕ್ಕವೇ ಬೇರೆ, ಈಗ ನಮ್ಮ ಮೊಬೈಲಿನ ಜಿಪಿಎಸ್ ನಂಬುವ ಲೆಕ್ಕವೇ ಬೇರೆ. ಇವೆರಡರ ನಡುವೆ ನಮ್ಮ ಕರಾವಳಿಯಲ್ಲಿ ನೂರು ಮೀಟರಿಗೂ ಹೆಚ್ಚಿನ ವ್ಯತ್ಯಾಸ ಉಳಿದುಕೊಳ್ಳುತ್ತದೆ.

ನೂರು ಮೀಟರ್ ಏನು ಮಹಾ ಎನ್ನುವವರು ಕುಮ್ಕಿಯನ್ನು ನೆನೆಯಬೇಕು. ದಕ್ಷಿಣ ಕನ್ನಡದ ಹಳೆಯ ಪದ್ಧತಿಯಲ್ಲಿ ವರ್ಗ ಜಮೀನಿನ (ಖಾತೆಯಲ್ಲಿ ದಾಖಲಾದ ಹಿಡುವಳಿಯ) ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವಿನ ಹಕ್ಕು ವರ್ಗದಾರನದು. ನೂರು ಗಜವೆಂದರೆ ತೊಂಬತ್ತೊಂದು ಮೀಟರ್ ಚಿಲ್ಲರೆ. ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತಾರದೆ ಹಳೆಯ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿದರೆ ಒಬ್ಬರ ಕುಮ್ಕಿ ಇಡಿಯಾಗಿ ಮತ್ತೊಬ್ಬರ ಅಡಿಕೆ ತೋಟದೊಳಗೆ ಹೋಗಿ ನಿಲ್ಲುತ್ತದೆ. ಆ ಪರದೆಯ ಫೋಟೋ ಯಾರದಾದರೂ ಮೊಬೈಲಿಗೆ ಹೋಯಿತೆಂದರೆ, ಮುಂದಿನದು ಇತಿಹಾಸ ಸಂಶೋಧನೆಯಲ್ಲ, ವಕೀಲರ ಕೆಲಸ.

ಸಂಶೋಧಕರು ಹೊತ್ತು ತರುವ ವಸಾಹತು ಕಾಲದ ಕಡತಗಳನ್ನು ಕಂಪ್ಯೂಟರಿಗೆ ಹೊಂದಿಸಿಕೊಡುವುದು ನನ್ನ ಕಸುಬು. ಸ್ಕ್ಯಾನ್ ಮಾಡಿದರೆ ಮುಗಿಯಿತು ಎಂದು ಹೆಚ್ಚಿನವರು ತಿಳಿದಿದ್ದಾರೆ. ಸ್ಕ್ಯಾನ್ ಒಂದು ವಾರದ ಕೆಲಸ. ಆಮೇಲಿನದು ವರ್ಷಗಟ್ಟಲೆ ಹಿಡಿಯುತ್ತದೆ, ಅದರಲ್ಲೂ ಕಾಸರಗೋಡಿನ ಕಡತವಾದರೆ. ಈ ನೆಲ 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ಕೆನರಾ ಜಿಲ್ಲೆಗೆ ಸೇರಿತು. ಕೆನರಾ ಒಡೆದು 1862ರಲ್ಲಿ ಉತ್ತರ ಭಾಗ ಬೊಂಬಾಯಿಗೆ ಹೋದಾಗ ದಕ್ಷಿಣ ಕನ್ನಡದೊಂದಿಗೆ ಮದ್ರಾಸಿನಲ್ಲಿಯೇ ಉಳಿಯಿತು. ಬೇಕಲ ತಾಲೂಕು ಎಂಬ ಹೆಸರು 1882ರಲ್ಲಿ ಕಾಸರಗೋಡು ತಾಲೂಕಾಯಿತು. 1956ರ ನವೆಂಬರ್ 1ಕ್ಕೆ ಕೇರಳ, 1984ಕ್ಕೆ ಪ್ರತ್ಯೇಕ ಜಿಲ್ಲೆ. ಪ್ರತಿ ಬಾರಿಯೂ ಕಾಗದದ ಒಂದೊಂದು ಕಟ್ಟು ಒಂದೊಂದು ಊರಿನಲ್ಲಿ ಉಳಿದುಬಿಟ್ಟಿತು. ಹೀಗಾಗಿ ಒಂದೇ ಗ್ರಾಮದ ಕಥೆ ಚೆನ್ನೈಯ ಎಗ್ಮೋರಿನ ದಾಖಲಾಗಾರದಲ್ಲಿ ಇಂಗ್ಲಿಷಿನಲ್ಲಿಯೂ, ಶಾನುಭೋಗರ ಲೆಕ್ಕದಲ್ಲಿ ಕನ್ನಡದಲ್ಲಿಯೂ, ಇವತ್ತಿನ ಗ್ರಾಮ ಕಚೇರಿಯಲ್ಲಿ ಮಲಯಾಳದಲ್ಲಿಯೂ ಇದೆ. ಮೂರರಲ್ಲಿಯೂ ಊರಿನ ಹೆಸರು ಒಂದೇ ಅಲ್ಲ.

ಹೆಸರು ಹೊಂದಿಸಲು ತಂತ್ರಾಂಶಗಳಿವೆ. ಅವುಗಳ ಅಜ್ಜನ ಹೆಸರು ಸೌಂಡೆಕ್ಸ್. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಪಡೆದ ಉಪಾಯ. ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ಹಳೆಯ ಇಂಗ್ಲಿಷ್ ಕಡತಗಳಲ್ಲಿ ನಮ್ಮ ಊರು 'ಕ್ಯಾಸರ್‌ಗೋಡ್' ಎಂಬಂತೆ, ಸಿ ಅಕ್ಷರದಿಂದ ಶುರುವಾಗುತ್ತದೆ. ಈಗ ಕೆ. ಸೌಂಡೆಕ್ಸ್ ಮೊದಲನೆಯದಕ್ಕೆ ಸಿ-262 ಎನ್ನುತ್ತದೆ, ಎರಡನೆಯದಕ್ಕೆ ಕೆ-262. ಅಂಕಿಗಳೆಲ್ಲ ಕೂಡುತ್ತವೆ, ತಲೆ ಕೂಡುವುದಿಲ್ಲ. ಆದ್ದರಿಂದ ಎರಡೂ ಬೇರೆ ಊರೆಂದು ಅದರ ತೀರ್ಪು. ಕುಂಬಳೆಯದೂ ಇದೇ ಪಾಡು. ಇದಕ್ಕೆ ತದ್ವಿರುದ್ಧ ಹೊಸದುರ್ಗ. ಕಾಞಂಗಾಡಿನ ಹೊಸದುರ್ಗದ ಕಾಗದಗಳನ್ನು ಕಂಪ್ಯೂಟರಿಗೆ ಕೊಟ್ಟು ಸ್ಥಳ ಗುರುತಿಸು ಎಂದರೆ, ಅದು ಒಂದು ಕ್ಷಣವೂ ಯೋಚಿಸದೆ ಚಿತ್ರದುರ್ಗ ಜಿಲ್ಲೆಗೆ ಕಳುಹಿಸುತ್ತದೆ. ಕಾಗುಣಿತ ಬೇರೆಯಾದರೆ ಒಂದೂರು ಎರಡಾಯಿತು. ಒಂದೇ ಆದರೆ ಎರಡೂರು ಒಂದಾಯಿತು.

ಮಾಡುವುದೇನು? ಉಪಾಯ ಬಹಳ ಹಳೆಯದು, ತಂತ್ರಜ್ಞಾನವೆಂದರೆ ನಗು ಬರುವಷ್ಟು ಸರಳ. ಕೋಷ್ಟಕದಲ್ಲಿ ಎರಡು ಕಾಲಂ. ಮೊದಲನೆಯದರಲ್ಲಿ ಕಾಗದದಲ್ಲಿ ಇದ್ದದ್ದು ಇದ್ದಂತೆಯೇ, ತಪ್ಪಿದ್ದರೆ ತಪ್ಪು ಸಮೇತ. ಎರಡನೆಯದರಲ್ಲಿ ನಾವು ಅದನ್ನು ಏನೆಂದು ಓದಿದೆವು ಎನ್ನುವುದು, ಯಾರು ಓದಿದರು, ಯಾವಾಗ ಎಂಬುದರೊಂದಿಗೆ. ಮೊದಲ ಕಾಲಂ ಮುಟ್ಟುವ ಹಕ್ಕು ನನಗೂ ಇಲ್ಲ. ವಿದ್ಯಾರ್ಥಿಗಳಿಗೆ ಇದು ಬೇಸರದ ಕೆಲಸ. "ಹೇಗೂ ಕುಂಬಳೆಯೇ ಅಲ್ಲವೇ, ಸರಿಮಾಡಿಯೇ ಬರೆಯುತ್ತೇವೆ" ಎನ್ನುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೆಯೇ ಬರೆದು ಸುಟ್ಟುಕೊಂಡವನು.

ಸುಟ್ಟುಕೊಂಡದ್ದು ಗೇಣಿ ಚೀಟುಗಳ ಒಂದು ಕಟ್ಟಿನಲ್ಲಿ. ಬಾಸೆಲ್ ಮಿಷನ್ ಮುದ್ರಣದ ಹಳೆಯ ಕನ್ನಡ ಪುಟಗಳನ್ನು ಈಗಿನ ಅಕ್ಷರ ಗುರುತಿಸುವ ತಂತ್ರಾಂಶಗಳು ಒಂದು ಮಟ್ಟಿಗೆ ಓದುತ್ತವೆ, ಒತ್ತಕ್ಷರದಲ್ಲಿ ಎಡವಿದರೂ. ಶಾನುಭೋಗರ ಮೋಡಿ ಬರಹಕ್ಕೆ ಬಂದರೆ ಕೈಚೆಲ್ಲುತ್ತವೆ. ಅಂಕಿಗಳನ್ನಾದರೂ ಓದಲಿ ಎಂದು ನಾನು ಅಂಕಿಯ ಕಾಲಂ ಮಾತ್ರ ಯಂತ್ರಕ್ಕೆ ಒಪ್ಪಿಸಿದ್ದೆ. ಹಳೆಯ ಲೆಕ್ಕದಲ್ಲಿ ಕಾಲು ರೂಪಾಯಿಗೆ ಒಂದು ನೆಟ್ಟ ಗೆರೆ, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು. ಅಂದರೆ '೧೨॥' ಎಂದಿದ್ದರೆ ಹನ್ನೆರಡು ರೂಪಾಯಿ ಎಂಟಾಣೆ. ಯಂತ್ರಕ್ಕೆ ಆ ಎರಡು ಗೆರೆಗಳು ಎರಡು ಒಂದುಗಳಾಗಿ ಕಂಡವು: 1211. ಹನ್ನೆರಡೂವರೆಯ ಗೇಣಿ ಒಂದೇ ಏಟಿಗೆ ಸುಮಾರು ನೂರು ಪಟ್ಟು ಏರಿತು. ಮೂಲವನ್ನು ಪಕ್ಕದಲ್ಲಿ ಇಟ್ಟುಕೊಂಡಿರಲಿಲ್ಲವಾದ್ದರಿಂದ, ಗೇಣಿಯ ಏರಿಕೆಯನ್ನು ತೋರಿಸುವ ಸೊಗಸಾದ ರೇಖಾಚಿತ್ರವೂ ತಯಾರಾಯಿತು. ಅದನ್ನು ನೋಡಿ ಹಿರಿಯರೊಬ್ಬರು, "ಇಷ್ಟು ದುಡ್ಡು ಆಗ ಇಡೀ ತಾಲೂಕಿನಲ್ಲಿ ಯಾರ ಹತ್ತಿರ ಇತ್ತು?" ಎಂದು ಕೇಳದಿದ್ದರೆ ಅಚ್ಚೂ ಆಗಿಬಿಡುತ್ತಿತ್ತು.

ಅಂದಿನಿಂದ ದುಡ್ಡನ್ನೆಲ್ಲ ಪೈಗಳಲ್ಲಿ ಶೇಖರಿಸುತ್ತೇನೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192. ಹನ್ನೆರಡೂವರೆ ರೂಪಾಯಿ 2,400 ಪೈ, ದಶಾಂಶದ ರಗಳೆ ಇಲ್ಲ. ಅಕ್ಕಿಯ ಗೇಣಿಯನ್ನು ಮಾತ್ರ ಕಿಲೋಗ್ರಾಮಿಗೆ ಇಳಿಸುವುದಿಲ್ಲ. ಹದಿನಾಲ್ಕು ಸೇರಿಗೆ ಕಳಸೆ, ಮೂರು ಕಳಸೆಗೆ ಮುಡಿ ಎಂಬುದು ಸರಿ, ಆದರೆ ಸೇರು ಎಲ್ಲಿಯ ಸೇರು? ಮುಡಿ ಮುಡಿಯಾಗಿಯೇ ಇರಲಿ. ಇಸವಿಯ ಗೊಂದಲ ಸುಲಭದ್ದು. ಕಂದಾಯ ಕಡತದ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಅದು ಶುರುವಾದ ಇಸವಿ ಸಿಗುತ್ತದೆ. ಫಸಲಿ 1310 ಎಂದರೆ 1900ರ ಜುಲೈಯಿಂದ 1901ರ ಜೂನ್. ಕೂಡಿಸಲು ಮರೆತವರ ಕೋಷ್ಟಕದಲ್ಲಿ ಕಾಸರಗೋಡಿನ ರೈತರು ವಿಜಯನಗರ ಹುಟ್ಟುವ ಮೊದಲೇ ಬ್ರಿಟಿಷರಿಗೆ ತೀರ್ವೆ ಕಟ್ಟಿದ್ದನ್ನು ಕಂಡಿದ್ದೇನೆ.

ಪದಗಳು ಅಂಕಿಗಳಷ್ಟು ಸಾಧುವಲ್ಲ. 'ಪುಂಜ' ಎಂದು ಬರೆದಿದ್ದರೆ ಮದ್ರಾಸಿನ ಕಂದಾಯ ಭಾಷೆಯಲ್ಲಿ ಅದು ನೀರಾವರಿ ಇಲ್ಲದ ಒಣಭೂಮಿ. ಮಲಯಾಳದಲ್ಲಿ ಓದಿ ಬಂದ ಸಂಶೋಧಕರ ಕಿವಿಗೆ ಅದೇ ಸದ್ದು ಬೇಸಿಗೆಯ ಭತ್ತದ ಬೆಳೆ. ಒಂದೇ ಸಾಲನ್ನು ಒಬ್ಬರು ಒಣಭೂಮಿ ಎಂದು, ಇನ್ನೊಬ್ಬರು ಗದ್ದೆ ಎಂದು ತುಂಬಿಸಿದ್ದರು. ಇಬ್ಬರೂ ಒಂದೇ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವರು.

ಎಲ್ಲಕ್ಕಿಂತ ನನ್ನನ್ನು ಕಾಡಿದ ಪದ 'ಅಳಿಯ'. ನೀರ್ಚಾಲಿನ ಕಡೆಯ ಒಂದು ಮನೆತನದವರು ತಮ್ಮ ತರವಾಡಿನ, ಅಂದರೆ ಮೂಲಮನೆಯ, ವಂಶವೃಕ್ಷ ಮಾಡಿಕೊಡಲು ಹೇಳಿದ್ದರು. ದಾಖಲೆ ಚೆನ್ನಾಗಿಯೇ ಇತ್ತು: ನಾಲ್ಕು ತಲೆಮಾರಿನ ವರ್ಗದ ಹೆಸರುಗಳು, ಪ್ರತಿ ಹೆಸರಿನ ಹಿಂದೆ 'ಇಂಥವರ ಅಳಿಯ'. ನಮ್ಮ ತಂಡದ ಹುಡುಗಿ ಘಟ್ಟದ ಮೇಲಿನವಳು. ಅಳಿಯ ಎಂದರೆ ಮಗಳ ಗಂಡ ಎಂದುಕೊಂಡು ಪ್ರತಿಯೊಬ್ಬರಿಗೂ ಒಬ್ಬೊಬ್ಬ ಮಗಳನ್ನು ಊಹಿಸಿ ಮದುವೆ ಮಾಡಿಸಿದ್ದಳು. ಅಳಿಯಸಂತಾನದಲ್ಲಿ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿಯಲ್ಲಿ, ಅಳಿಯನೆಂದರೆ ಸೋದರಿಯ ಮಗ. ಆಸ್ತಿಯ ಯಜಮಾನಿಕೆ ಮಾವನಿಂದ ಅವನಿಗೆ ಬರುತ್ತದೆ. ಅವನೇ ಮಾವನ ಮಗಳನ್ನೂ ಮದುವೆಯಾಗಿದ್ದರೆ ಎರಡೂ ಅರ್ಥ ಸರಿ, ಅದೂ ನಮ್ಮಲ್ಲಿ ಅಪರೂಪವಲ್ಲ. 1949ರಲ್ಲಿ ಮದ್ರಾಸು ಸರ್ಕಾರ ಅಳಿಯಸಂತಾನಕ್ಕೆ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತೆಂದರೆ ಈ ಪದದ ಮೇಲೆ ಎಷ್ಟು ದಾವೆ ನಡೆದಿರಬಹುದು, ಊಹಿಸಿ.

ಸಮಸ್ಯೆ ಅಲ್ಲಿಗೇ ಮುಗಿಯಲಿಲ್ಲ. ನಮ್ಮ ಬಳಿಯಿದ್ದ ವಂಶವೃಕ್ಷದ ತಂತ್ರಾಂಶ ತಂದೆಯ ಹೆಸರು ತುಂಬದೆ ಮುಂದಿನ ಪುಟಕ್ಕೆ ಬಿಡುತ್ತಲೇ ಇರಲಿಲ್ಲ. ಕಡತದಲ್ಲಿ ತಂದೆಯರ ಸುಳಿವಿಲ್ಲ, ಅವರು ಬೇರೆ ತರವಾಡಿನವರು. ತಾಯಂದಿರ ಹೆಸರೂ ಅಲ್ಲಲ್ಲಿ ಮಾತ್ರ. ಕೊನೆಗೆ ತಂತ್ರಾಂಶ ಬದಿಗಿಟ್ಟು ಬೇರೆಯೇ ಕೋಷ್ಟಕ ಕಟ್ಟಿದೆವು. ವ್ಯಕ್ತಿ ಒಂದೆಡೆ, ಸಂಬಂಧ ಇನ್ನೊಂದೆಡೆ, ಸಂಬಂಧದ ಹೆಸರು ಕಾಗದದಲ್ಲಿದ್ದ ಮಾತಿನಲ್ಲೇ. ಹೆಸರು ಸಿಗದ ಅಕ್ಕತಂಗಿಯರಿಗೆ ಒಂದೊಂದು ಖಾಲಿ ಚೌಕ. ಅಳಿಯನಿದ್ದಾನೆಂದರೆ ಅವನ ತಾಯಿ ಇದ್ದೇ ಇದ್ದಳಲ್ಲ. ಚಿತ್ರ ಮರದಂತೆ ಕಾಣಲಿಲ್ಲ, ಗೇರುಗುಡ್ಡದ ಕಾಲುದಾರಿಗಳಂತೆ ಓರೆಯಾಗಿ ಇಳಿಯುತ್ತಿತ್ತು. ಮನೆಯ ಹಿರಿಯಜ್ಜಿಗೆ ತೋರಿಸಿದರೆ, ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿದು ಖಾಲಿ ಚೌಕಗಳಲ್ಲಿ ಎರಡಕ್ಕೆ ಹೆಸರು ಹೇಳಿದರು. ಎರಡನೆಯ ಕಾಲಂನಲ್ಲಿ ಬರೆದುಕೊಂಡೆವು, ಅಜ್ಜಿಯ ಮಾತೆಂದು, ತಾರೀಕು ಸಮೇತ.

ಅದನ್ನು ದೊಡ್ಡದಾಗಿ ಮುದ್ರಿಸಿ ಕಟ್ಟು ಹಾಕಿಸಲು ಮನೆಯವರು ಪೇಟೆಗೆ ಕಳುಹಿಸಿದರು. ಮರುದಿನ ಬೆಳಿಗ್ಗೆ ಮುದ್ರಣದವರ ಫೋನ್ ಬಂತು: "ಸಾರ್, ಅಪ್ಪಂದಿರ ಹೆಸರೆಲ್ಲ ಬಿಟ್ಟುಹೋಗಿದೆಯಲ್ಲ, ಕಳುಹಿಸುತ್ತೀರಾ, ಅಥವಾ ಹಾಗೆಯೇ ಹಾಕಬೇಕೇ?"